ಕಾಣದ ಮೀನಿನ ನಾಡಿನಲ್ಲಿ ಮೂರು ತಿಂಗಳು

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಾಲಾ ಶಿಕ್ಷಕಿ. ಮಗಳು ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾಳೆ. ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ನಾನೂ ನಮ್ಮ ಯಜಮಾನರೂ ಅವಳ ಮನೆಯಲ್ಲಿ ಇರಲು ಹೋಗುತ್ತಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಯಜಮಾನರು ಕೆಲವು ದಿನ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಕಳೆದ ವರ್ಷ ಪ್ರವಾಸ ಹೋಗಿ ಬಂದ ನನ್ನ ನಾದಿನಿ ‘ಹತ್ತು ದಿನ ಬಾಳೆಹಣ್ಣು, ಬ್ರೆಡ್ಡು, ಆಗೊಮ್ಮೆ ಈಗೊಮ್ಮೆ ಬರೀ ಶಾವಿಗೆ’ ಎಂದು ಹೆದರಿಸಿದ್ದಾಳೆ. ಅಲ್ಲಿನವರ ಊಟದಲ್ಲಿ ನಾವು ತಿನ್ನುವಂಥದ್ದು ಏನೂ ಇಲ್ಲವೇ? ಮಗಳಿಗೆ ಮುಜುಗರವಾಗದ ಹಾಗೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು?

ಉತ್ತರ: ನಿಮ್ಮ ನಾದಿನಿಯವರು ಆ ‘ಬರೀ ಶಾವಿಗೆ’ಯ ಜೊತೆ ಮೀನಿನ ಸಾರು ಕುಡಿದೇ ಬಂದಿದ್ದಾರೆ ಎಂದು ನನ್ನ ಅಂದಾಜು. ಇದನ್ನು ಅವರಿಗೆ ಹೇಳಲು ಹೋಗಬೇಡಿ.

ನನ್ನದೂ ಅದೇ ಕಥೆ. ಜಪಾನಿ ಭಾಷೆ ಕಲಿಯಲು ಹೋಗಿ, ಆಮೇಲೆ ಅನುವಾದದ ಕೆಲಸ ಹಿಡಿದು, ಹನ್ನೊಂದು ವರ್ಷ ಟೋಕಿಯೊ, ಯೊಕೊಹಾಮಾಗಳಲ್ಲಿ ಸಸ್ಯಾಹಾರಿಯಾಗಿ ಇದ್ದವನು ನಾನು. ಹೋದ ಹೊಸದರಲ್ಲಿ ಮನೆಯ ಹತ್ತಿರವೇ ಒಂದು ಸಣ್ಣ ಸೋಬಾ ಅಂಗಡಿ ಸಿಕ್ಕಿತು. ಸೋಬಾ ಎಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಬಿದಿರಿನ ತಟ್ಟೆಯ ಮೇಲೆ ಹರಡಿ ಕೊಡುತ್ತಾರೆ. ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ಕಪ್ಪನೆಯ ತಿಳಿ ರಸ, ಅದರಲ್ಲಿ ಅದ್ದಿ ತಿನ್ನಬೇಕು. ಮಾಂಸದ ಚೂರಿಲ್ಲ, ಮೀನಿನ ವಾಸನೆಯಿಲ್ಲ. ಎರಡು ತಿಂಗಳು ವಾರಕ್ಕೆ ನಾಲ್ಕು ದಿನ ಅದನ್ನೇ ತಿಂದೆ. ಫೋನ್ ಮಾಡಿದಾಗಲೆಲ್ಲ ‘ಇಲ್ಲಿ ಊಟಕ್ಕೆ ಏನೂ ತೊಂದರೆಯಿಲ್ಲ’ ಎಂದು ಅಮ್ಮನಿಗೆ ಧೈರ್ಯ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಸರ್ರ್, ಸರ್ರ್ ಎಂದು ಮರ ಕೀಸುವ ಸದ್ದು ಕೇಳಿಸಿತು. ಬಾಗಿಲು ತೆರೆದಿತ್ತು. ಆ ಮನೆಯ ಅಜ್ಜಿ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಅವರ ಮುಂದೆ ಒಂದು ಮರದ ಪೆಟ್ಟಿಗೆ. ಬಡಗಿಯ ಉಜ್ಜುಗೊರಡನ್ನು ಮಗುಚಿ ಪೆಟ್ಟಿಗೆಯ ಬಾಯಿಗೆ ಕೂರಿಸಿದ ಹಾಗೆ, ಅಲಗು ಮೇಲ್ಮುಖವಾಗಿ ಇತ್ತು. ಬೀಟೆ ಮರದ ತುಂಡಿನಂಥದ್ದನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಉಜ್ಜುತ್ತಿದ್ದರು. ನಸುಗೆಂಪು ಹೊಟ್ಟು ಸುರುಳಿಸುರುಳಿಯಾಗಿ ಕೆಳಗಿನ ಖಾನೆಗೆ ಬೀಳುತ್ತಿತ್ತು. ಯಾವ ಮರ ಎಂದು ಕೇಳಿದೆ. ಅಜ್ಜಿ ನಕ್ಕು, ಒಂದು ಸುರುಳಿಯನ್ನು ನನ್ನ ಅಂಗೈಗೆ ಹಾಕಿ, ‘ಕತ್ಸುವೊ’ ಎಂದರು. ಟ್ಯೂನಾಕ್ಕೆ ಹತ್ತಿರದ ಒಂದು ಮೀನು ಅದು. ಬೇಯಿಸಿ, ಮುಳ್ಳು ತೆಗೆದು, ದಿನಗಟ್ಟಲೆ ಹೊಗೆಯಲ್ಲಿ ಒಣಗಿಸಿ, ಆಮೇಲೆ ಬೂಸ್ಟು ಹಿಡಿಸಿ, ಬಿಸಿಲಿಗೆ ಹಾಕಿ, ಮತ್ತೆ ಬೂಸ್ಟು ಹಿಡಿಸಿ, ಹೀಗೆ ತಿಂಗಳುಗಟ್ಟಲೆ ಮಾಡಿದರೆ ಮೀನು ಮರವಾಗುತ್ತದೆ. ಎರಡನ್ನು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನುತ್ತದೆ. ಇದರ ಹೆಸರು ಕತ್ಸುವೊಬುಶಿ. ಆ ಹೊಟ್ಟನ್ನು ಬಿಸಿನೀರಿಗೆ ಹಾಕಿ, ಒಂದೆರಡು ನಿಮಿಷ ಬಿಟ್ಟು ಸೋಸಿದರೆ ಸಿಗುವ ತಿಳಿನೀರೇ ದಾಶಿ. ‘ನೀನು ತಿನ್ನುವ ಸೋಬಾದ ರಸವೂ ಇದರದ್ದೇ ಅಲ್ಲವೇ’ ಎಂದರು ಅಜ್ಜಿ, ನನ್ನನ್ನು ಸಂತೋಷಪಡಿಸಲು. ಅಂದು ನಾನು ಮಧ್ಯಾಹ್ನ ಊಟ ಮಾಡಲಿಲ್ಲ.

ನೀವು ಜಪಾನಿಗೆ ಹೋಗುವ ಮೊದಲು ಒಂದೇ ಒಂದು ಪದ ಕಲಿಯುವುದಾದರೆ ‘ನಮಸ್ಕಾರ’ ಬೇಡ, ‘ದಾಶಿ’ಯನ್ನು ಕಲಿಯಿರಿ. ಅಲ್ಲಿ ಸಸ್ಯಾಹಾರಿಗೆ ಎದುರಾಗುವ ತೊಡಕು ತಟ್ಟೆಯಲ್ಲಿ ಕಾಣುವುದರದ್ದಲ್ಲ. ಕಾಣುವ ಮಾಂಸವನ್ನು ಪಕ್ಕಕ್ಕಿಡಬಹುದು. ಮಿಸೊ ಸಾರು, ಬೇಯಿಸಿದ ಕುಂಬಳಕಾಯಿ, ಪಾಲಕ್ ಪಲ್ಯ, ಊಡೋನ್ ಎಂಬ ದಪ್ಪ ಶಾವಿಗೆ, ಟೆಂಪುರಾ ಎಂಬ ಬಜ್ಜಿಯ ಜೊತೆ ಕೊಡುವ ರಸ, ಇನಾರಿ ಎಂಬ ಸಿಹಿ ತೋಫು ಚೀಲದ ಅನ್ನ, ಇವೆಲ್ಲ ನೋಡಲು ಶುದ್ಧ ಸಸ್ಯಾಹಾರ. ಒಳಗೆ ದಾಶಿ ಇರುತ್ತದೆ. ನಮ್ಮಲ್ಲಿ ಒಗ್ಗರಣೆಯನ್ನು ಯಾರಾದರೂ ಒಂದು ಪದಾರ್ಥವೆಂದು ಲೆಕ್ಕ ಹಿಡಿಯುತ್ತಾರೆಯೇ? ‘ಪಲ್ಯಕ್ಕೆ ಏನೇನು ಹಾಕಿದ್ದೀರಿ’ ಎಂದರೆ ಹುರುಳಿಕಾಯಿ, ತೆಂಗಿನಕಾಯಿ ಎನ್ನುತ್ತೇವೆಯೇ ಹೊರತು ಸಾಸಿವೆಯನ್ನು ಎಣಿಸುವುದಿಲ್ಲ. ದಾಶಿಯೂ ಹಾಗೆಯೇ. ‘ಮೀನಿದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದು ಅವರು ಹೇಳುವುದು ಮೋಸವಲ್ಲ. ಅವರ ಲೆಕ್ಕದಲ್ಲಿ ಅದು ಮೀನಲ್ಲ, ರುಚಿ.

ಇದಕ್ಕೆ ಹಳೆಯ ಕಾರಣವೂ ಇದೆ. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಬೇಸಾಯದ ತಿಂಗಳುಗಳಿಗೆ ಮಾತ್ರ ಅನ್ವಯವಾಗುತ್ತಿದ್ದ ಆಜ್ಞೆ ಅದು, ಆದರೆ ಬೌದ್ಧ ಧರ್ಮದ ಬೆಂಬಲದಿಂದ ನಾಲ್ಕು ಕಾಲಿನ ಪ್ರಾಣಿಯ ಮಾಂಸದ ಬಗೆಗಿನ ಹಿಂಜರಿಕೆ ಶತಮಾನಗಳ ಕಾಲ ಉಳಿಯಿತು. 1872ರಲ್ಲಿ ಮೆಯಿಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ದೊಡ್ಡ ಸುದ್ದಿಯಾಯಿತು ಎಂದರೆ ಊಹಿಸಿಕೊಳ್ಳಿ. ಇಷ್ಟೆಲ್ಲದರ ನಡುವೆ ಮೀನು ಮಾತ್ರ ಊಟದಲ್ಲಿ ಉಳಿದುಕೊಂಡಿತು. ಹಾಗಾಗಿ ‘ನಿಕು’, ಅಂದರೆ ಮಾಂಸ, ಎಂಬ ಪದದೊಳಗೆ ಇಂದಿಗೂ ಮೀನು ಸೇರುವುದಿಲ್ಲ. ‘ಮಾಂಸ ತಿನ್ನುವುದಿಲ್ಲ’ ಎಂದು ನೀವು ಹೇಳಿದರೆ ಪಾಪ, ಅಕ್ಕರೆಯಿಂದ ಮೀನು ತಂದಿಡುತ್ತಾರೆ.

ಹೋಟೆಲಿನಲ್ಲಿ ಹೇಳಬೇಕಾದದ್ದು ಹೀಗೆ: ‘ನಿಕು ಮೊ, ಸಕಾನಾ ಮೊ, ತಮಾಗೊ ಮೊ ತಬೆಮಸೆನ್. ಕತ್ಸುವೊ ದಾಶಿ ಮೊ ದಮೆ ದೆಸ್.’ ಮಾಂಸವನ್ನೂ ಮೀನನ್ನೂ ಮೊಟ್ಟೆಯನ್ನೂ ತಿನ್ನುವುದಿಲ್ಲ, ಕತ್ಸುವೊ ದಾಶಿಯೂ ಆಗುವುದಿಲ್ಲ ಎಂದರ್ಥ. ಬಾಯಲ್ಲಿ ಹೇಳುವುದಕ್ಕಿಂತ ಮಗಳ ಕೈಯಲ್ಲಿ ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳುವುದು ಮೇಲು. ಚೀಟಿ ನೋಡಿದವರು ಹಲ್ಲುಗಳ ನಡುವೆ ‘ಸ್ಸ್…’ ಎಂದು ಉಸಿರೆಳೆದು, ತಲೆಯನ್ನು ಒಂದು ಕಡೆಗೆ ವಾಲಿಸಿ, ‘ಚೊತ್ತೊ…’ ಎಂದು ಮಾತು ನಿಲ್ಲಿಸಿದರೆ ಎದ್ದು ಬನ್ನಿ. ಚೊತ್ತೊ ಎಂದರೆ ‘ಸ್ವಲ್ಪ’. ವಾಕ್ಯ ಮುಂದುವರಿಯುವುದಿಲ್ಲ. ‘ಆಗುವುದಿಲ್ಲ’ ಎಂದು ಎದುರಿಗೆ ಹೇಳುವ ಬದಲು ಅವರು ಅಷ್ಟು ಹೇಳಿ ಉಳಿದದ್ದನ್ನು ನಮ್ಮ ಊಹೆಗೆ ಬಿಡುತ್ತಾರೆ. ನಮ್ಮ ಕಡೆ ‘ನೋಡೋಣ’ ಎನ್ನುವುದಿಲ್ಲವೇ, ಅದೇ.

ಅಂಗಡಿಯ ಪೊಟ್ಟಣಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಲರ್ಜಿಯವರಿಗಾಗಿ ಮೊಟ್ಟೆ, ಹಾಲು, ಗೋಧಿ, ಸೋಬಾ, ಕಡಲೆಕಾಯಿ, ಸಿಗಡಿ, ಏಡಿ ಮುಂತಾದವನ್ನು ಪೊಟ್ಟಣದ ಮೇಲೆ ನಮೂದಿಸುವುದು ಅಲ್ಲಿ ಕಡ್ಡಾಯ. ಅನೇಕ ಭಾರತೀಯರು ಆ ಪಟ್ಟಿ ನೋಡಿ, ಮೊಟ್ಟೆಯಿಲ್ಲ, ಸಿಗಡಿಯಿಲ್ಲ ಎಂದು ನೆಮ್ಮದಿಯಿಂದ ಕೊಳ್ಳುತ್ತಾರೆ. ಕತ್ಸುವೊ ಆ ಪಟ್ಟಿಯಲ್ಲೇ ಇಲ್ಲ. ಮೊಬೈಲಿನ ಕ್ಯಾಮೆರಾ ಅನುವಾದವನ್ನು ಪದಾರ್ಥಗಳ ಪೂರ್ತಿ ವಿವರದ ಮೇಲೆ ಹಿಡಿಯಬೇಕು. ‘ಕತ್ಸುವೊ ಎಕಿಸು’, ‘ಗ್ಯೊಕಾಯಿ ಎಕಿಸು’, ‘ಚಿಕಿನ್ ಎಕಿಸು’ ಎಂದಿದ್ದರೆ ಮೀನಿನ, ಸಮುದ್ರಜೀವಿಗಳ, ಕೋಳಿಯ ಸತ್ವ ಇದೆ ಎಂದು ತಿಳಿಯಿರಿ. ಆಲೂಗಡ್ಡೆ ಚಿಪ್ಸಿನಲ್ಲೂ ನಾನು ಇದನ್ನು ಕಂಡಿದ್ದೇನೆ. ‘ಅಮಿನೊಸಾನ್’ ಎಂದಿದ್ದರೆ ಮಾತ್ರ ಗಾಬರಿ ಬೇಡ. ಅದು ನಮ್ಮ ಗೋಬಿ ಮಂಚೂರಿಯ ಗಾಡಿಯವರು ಚಿಟಿಕೆ ಹಾಕುವ ಅಜಿನೊಮೊಟೊದ ಬಳಗದ್ದು. ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಿಕುನೆ ಇಕೆಡಾ 1908ರಲ್ಲಿ ಅದನ್ನು ಬೇರ್ಪಡಿಸಿದ್ದು ಮೀನಿನಿಂದಲ್ಲ, ಕೊಂಬು ಎಂಬ ಕಡಲಪಾಚಿಯಿಂದ. ಸಿಹಿ, ಹುಳಿ, ಉಪ್ಪು, ಕಹಿ ಯಾವುದರಲ್ಲೂ ಸೇರದ ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟವರೂ ಅವರೇ.

ಈ ಕೊಂಬುವೇ ನಿಮ್ಮನ್ನು ಕಾಪಾಡುವುದು. ಇದು ಹೊಕ್ಕೈಡೊ ದ್ವೀಪದ ತಣ್ಣನೆಯ ಕಡಲಿನಲ್ಲಿ ಬೆಳೆಯುತ್ತದೆ. ಒಣಗಿಸಿದಾಗ ಗಟ್ಟಿ ಚರ್ಮದ ಪಟ್ಟಿಯಂತಿದ್ದು, ಮೈಮೇಲೆ ಬಿಳಿಯ ಪುಡಿ ಕೂತಿರುತ್ತದೆ. ಬೂಸ್ಟು ಎಂದು ತೊಳೆದುಬಿಡಬೇಡಿ, ರುಚಿ ಇರುವುದೇ ಅಲ್ಲಿ. ಗೇಣುದ್ದಕ್ಕಿಂತ ಚಿಕ್ಕ ಒಂದು ತುಂಡು, ಎರಡು ಮೂರು ಒಣ ಶಿಟಾಕೆ ಅಣಬೆ, ಇವನ್ನು ಒಂದು ಲೀಟರ್ ತಣ್ಣೀರಿನಲ್ಲಿ ರಾತ್ರಿ ನೆನೆಹಾಕಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ದಾಶಿ ಸಿದ್ಧವಾಗಿರುತ್ತದೆ. ಅದನ್ನು ಬಿಸಿ ಮಾಡುವಾಗ ಕುದಿ ಬರುವ ಮೊದಲೇ ಕೊಂಬುವನ್ನು ತೆಗೆಯಿರಿ, ಇಲ್ಲದಿದ್ದರೆ ಲೋಳೆಯೂ ಒಗರೂ ಬಿಡುತ್ತದೆ. ಕೊಂಬು, ಶಿಟಾಕೆ ಎರಡೂ ಸೇರಿದಾಗ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಅಕಿರಾ ಕುನಿನಾಕಾ ಎಂಬ ಸಂಶೋಧಕರು 1950ರ ದಶಕದ ಕೊನೆಯಲ್ಲಿ ಇದರ ಹಿಂದಿನ ರಸಾಯನ ವಿವರಿಸಿದರು. ಆದರೆ ಬೌದ್ಧ ಮಠಗಳ ಅಡುಗೆಯವರು ಅದನ್ನು ನಾಲಿಗೆಯಿಂದಲೇ ಕಂಡುಕೊಂಡಿದ್ದರು. ಈ ನೀರಿಗೆ ತೋಫು, ಮೂಲಂಗಿ ಹಾಕಿ ಬೇಯಿಸಿ, ಒಲೆ ಆರಿಸಿದ ಮೇಲೆ ಮಿಸೊ ಕರಗಿಸಿದರೆ ಮಿಸೊ ಸಾರು. ಮಿಸೊ ಎಂದರೆ ಸೋಯಾ, ಅಕ್ಕಿ, ಉಪ್ಪು ಸೇರಿಸಿ ಹುದುಗಿಸಿದ ಹುಳಿಯಿಲ್ಲದ ಗೊಜ್ಜು ಎನ್ನಬಹುದು. ಕೊಳ್ಳುವಾಗ ‘ದಾಶಿ ಇರಿ’ ಎಂದು ಬರೆದದ್ದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಿ.

ನೀವು ಮಗಳ ಮನೆಯಲ್ಲಿ ಇರುವವರು, ಅಡುಗೆಮನೆ ನಿಮ್ಮ ಕೈಯಲ್ಲಿರುತ್ತದೆ. ನಾದಿನಿಯವರಿಗೂ ನಿಮಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಅದು ಹಗಲು ರಾತ್ರಿಯ ವ್ಯತ್ಯಾಸ. ಅಲ್ಲಿನ ಸೂಪರ್‌ಮಾರ್ಕೆಟ್‌ನ ತರಕಾರಿ ಸಾಲು ಮಲೆನಾಡಿನವರಿಗೆ ಅಷ್ಟೇನೂ ಪರಕೀಯವಲ್ಲ. ‘ಸಾತೊಯಿಮೊ’ ಎಂದು ಮಣ್ಣು ಮೆತ್ತಿದ ಪುಟ್ಟ ಗೆಡ್ಡೆ ಕಂಡರೆ ಅದು ಕೆಸುವಿನ ಗೆಡ್ಡೆ. ಸಿಪ್ಪೆ ಹೆರೆಯುವಾಗ ಕೈ ತುರಿಸುವುದೂ ಅದೇ ರೀತಿ. ತಾವರೆ ಗೆಡ್ಡೆ, ಬದನೆ, ಬೆಂಡೆ, ಸಿಹಿಗುಂಬಳ, ತೊಡೆಗಾತ್ರದ ಮೂಲಂಗಿ, ಬಗೆಬಗೆಯ ಸೊಪ್ಪು ಎಲ್ಲ ಇವೆ. ಬೂದು ಬಣ್ಣದ, ಕಪ್ಪು ಚುಕ್ಕೆಯ, ಅಲುಗಾಡುವ ಒಂದು ಹಲ್ವದಂಥ ತುಂಡು ನೀರು ತುಂಬಿದ ಪೊಟ್ಟಣದಲ್ಲಿ ಕಾಣಿಸುತ್ತದೆ, ಹೆಸರು ಕೊನ್ಯಾಕು. ಮೊದಲ ಸಲ ನೋಡಿದವರೆಲ್ಲ ಯಾವುದೋ ಜಲಚರ ಎಂದು ಹಿಂದೆ ಸರಿಯುತ್ತಾರೆ. ಅದು ನಮ್ಮ ಸುವರ್ಣಗೆಡ್ಡೆಯ ಹತ್ತಿರದ ದಾಯಾದಿಯ ಹಿಟ್ಟನ್ನು ನೀರಿನಲ್ಲಿ ಕಲಸಿ, ಸುಣ್ಣದ ತಿಳಿ ಹಾಕಿ ಗಟ್ಟಿಯಾಗಿಸಿದ್ದು. ಚುಕ್ಕೆಗಳು ಕಡಲಪಾಚಿಯವು. ಅದಕ್ಕೆ ಸ್ವಂತ ರುಚಿ ಎಂಬುದಿಲ್ಲ, ಹುಳಿಗೊಜ್ಜಿಗೆ ಹಾಕಿ ನೋಡಿ.

ತೋಫುವಿನ ಬಗ್ಗೆ ನಮ್ಮಲ್ಲಿ ‘ಸಪ್ಪೆ ಪನೀರ್’ ಎಂಬ ತಾತ್ಸಾರವಿದೆ. ಬೆಂಗಳೂರಿನಲ್ಲಿ ಸಿಗುವ ರಬ್ಬರಿನಂಥದ್ದನ್ನು ತಿಂದವರು ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಅಲ್ಲಿ ‘ಕಿನು’ ಎಂಬ ರೇಷ್ಮೆಯ ನುಣುಪಿನದು, ‘ಮೊಮೆನ್’ ಎಂಬ ಬಟ್ಟೆಯಲ್ಲಿ ಹಿಂಡಿದ ಗಟ್ಟಿಯದು, ಎಣ್ಣೆಯಲ್ಲಿ ಕರಿದದ್ದು, ಹಿಮದಲ್ಲಿ ಒಣಗಿಸಿದ್ದು, ಸೋಯಾ ಹಾಲಿನ ಕೆನೆಯನ್ನೇ ಎತ್ತಿ ತೆಗೆದ ‘ಯುಬಾ’ ಎಲ್ಲವೂ ಇವೆ. ಹೋಟೆಲಿನಲ್ಲಿ ತಣ್ಣನೆಯ ತೋಫು ತರಿಸಿದರೆ ಮಾತ್ರ ಮೇಲೆ ಕತ್ಸುವೊ ಹೊಟ್ಟು ಉದುರಿಸಿ ಕೊಡುತ್ತಾರೆ, ಗಾಳಿಗೆ ಜೀವವಿದ್ದಂತೆ ಅಲುಗುತ್ತಿರುತ್ತದೆ. ಬೇಡವೆಂದು ಮೊದಲೇ ಹೇಳಿ.

ಹಾಲಿಗೆ ಒಂದು ಉಪಾಯ. ಅಕ್ಷರ ಬಾರದವರು ಅಂಗಡಿಯಲ್ಲಿ ಹಾಲು ಯಾವುದು, ಹಣ್ಣಿನ ರಸ ಯಾವುದು ಎಂದು ತಬ್ಬಿಬ್ಬಾಗುತ್ತಾರೆ. ಕಾಗದದ ಪೊಟ್ಟಣದ ತುದಿಯ ಅಂಚನ್ನು ನೋಡಿ. ಅರ್ಧಚಂದ್ರದಂತೆ ಒಂದು ಸಣ್ಣ ಕಚ್ಚು ಇದ್ದರೆ ಅದು ಏನೂ ಬೆರೆಸದ ಹಸುವಿನ ಹಾಲು. ಕಣ್ಣು ಕಾಣದವರು ಕೈಯಲ್ಲಿ ಸವರಿ ಗುರುತಿಸಲೆಂದು ಮಾಡಿದ್ದು, ಲಿಪಿ ಕಾಣದ ನಮಗೂ ಒದಗುತ್ತದೆ. ಸಕ್ಕರೆಯಿಲ್ಲದ ಯೋಗರ್ಟ್ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಹೆಪ್ಪಿಗೆ ಬಳಸಬಹುದು. ಅಲ್ಲಿನ ಅಕ್ಕಿ ಅಂಟು ಹೆಚ್ಚು, ಸಾರನ್ನ ಕಲಸಿದರೆ ಮುದ್ದೆಯಾಗುತ್ತದೆ. ಮೊಸರನ್ನಕ್ಕೆ ಅದರಷ್ಟು ಹೇಳಿ ಮಾಡಿಸಿದ ಅಕ್ಕಿ ಇನ್ನೊಂದಿಲ್ಲ. ಅಕ್ಕಿಯ ಬಗ್ಗೆ ಹಗುರಾಗಿ ಮಾತಾಡಬೇಡಿ. 2025ರಲ್ಲಿ 5 ಕೆ.ಜಿ. ಅಕ್ಕಿಯ ಬೆಲೆ 4,000 ಯೆನ್ ದಾಟಿ ಜನ ಕಂಗಾಲಾಗಿದ್ದಾಗ, ತಾನು ಅಕ್ಕಿ ಕೊಂಡವನೇ ಅಲ್ಲ, ಬೆಂಬಲಿಗರು ಕೊಡುತ್ತಾರೆ ಎಂಬ ಅರ್ಥದ ಮಾತಾಡಿದ ಕೃಷಿ ಸಚಿವರು ರಾಜೀನಾಮೆ ಕೊಡಬೇಕಾಯಿತು.

ತೊಗರಿಬೇಳೆ, ಹುಣಿಸೆ, ಮಸಾಲೆಗಳಿಗೆ ಟೋಕಿಯೊದ ನಿಶಿಕಸಾಯಿ ಇದೆ. 2000ದ ಆಸುಪಾಸಿನಲ್ಲಿ ಹೋದ ಭಾರತದ ಸಾಫ್ಟ್‌ವೇರ್ ಎಂಜಿನಿಯರುಗಳು ನೆಲೆಯೂರಿದ ಬಡಾವಣೆ ಅದು. ಮನೆಗೇ ತರಿಸಿಕೊಳ್ಳುವ ಅಂಗಡಿಗಳನ್ನು ನಿಮ್ಮ ಮಗಳು ಈಗಾಗಲೇ ಕಂಡುಕೊಂಡಿರುತ್ತಾಳೆ. ಚಟ್ನಿಪುಡಿ, ಸಾರಿನ ಪುಡಿಗಳನ್ನು ಮನೆಯಲ್ಲೇ ಮಾಡಿ ಒಯ್ಯಿರಿ. ತಾಜಾ ಕರಿಬೇವು, ಮಾವಿನಕಾಯಿಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಒಂದು ತಿಂಗಳಿಗಿಂತ ಹೆಚ್ಚಿನ ವೈದ್ಯರ ಚೀಟಿಯ ಮಾತ್ರೆಗಳಿಗೆ ಮೊದಲೇ ಅನುಮತಿ ಪಡೆಯಬೇಕು, ಮೂರು ತಿಂಗಳಿಗೆ ಹೋಗುವ ನೀವು ಇದನ್ನು ಮರೆಯಬೇಡಿ. ಮಿಕ್ಸಿ ಹೊರುವ ಯೋಚನೆಯಿದ್ದರೆ ಬಿಡಿ. ಅಲ್ಲಿನ ವಿದ್ಯುತ್ತು 100 ವೋಲ್ಟ್, ನಮ್ಮ ಮಿಕ್ಸಿ ಸುಮ್ಮನೆ ನರಳುತ್ತದೆ. ಅದರ ಬದಲು ಸುರಿಬಾಚಿ ಎಂಬ ಮಣ್ಣಿನ ಬಟ್ಟಲನ್ನು ಕೊಳ್ಳಿ. ಒಳಮೈಯೆಲ್ಲ ಬಾಚಣಿಗೆಯಲ್ಲಿ ಗೀರಿದಂತಿದ್ದು, ಮರದ ಗುಂಡಿನಿಂದ ಅರೆದರೆ ಎಳ್ಳು, ಕಡಲೆಬೀಜ ಚೆನ್ನಾಗಿ ನುರಿಯುತ್ತದೆ.

ಹೊರಗೆ ಹಸಿವಾದಾಗ? ಮೂಲೆಗೊಂದು ಇರುವ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಕೊನ್ಬಿನಿ ಅಂಗಡಿಗೆ ಹೋಗಿ. ತ್ರಿಕೋನದ ಅನ್ನದುಂಡೆ ಒನಿಗಿರಿಯಲ್ಲಿ ಉಪ್ಪಿನದು ಮತ್ತು ಊಮೆಬೋಶಿ ಎಂಬ, ಊಮೆ ಕಾಯಿಯ ಉಪ್ಪಿನಕಾಯಿಯದು ನಮಗೆ ಸಲ್ಲಬಹುದಾದವು, ಅದೂ ಪೊಟ್ಟಣದ ವಿವರ ಓದಿದ ಮೇಲೆ. ಪೊಟ್ಟಣದ ಮೇಲಿರುವ 1, 2, 3 ಅಂಕಿಗಳ ಕ್ರಮದಲ್ಲೇ ಎಳೆಯಿರಿ. ಕಡಲಪಾಚಿಯ ಹಾಳೆ ಅನ್ನಕ್ಕೆ ತಾಗದೆ ಗರಿಗರಿಯಾಗಿ ಉಳಿದಿರಲೆಂದು ಹೂಡಿದ ಉಪಾಯ ಅದು, ಅಡ್ಡಾದಿಡ್ಡಿ ಹರಿದರೆ ಹಾಳೆ ಪ್ಲಾಸ್ಟಿಕ್ಕಿನ ಜೊತೆಗೇ ಹೋಗುತ್ತದೆ. ತಿಂಡಿಯನ್ನು ಹೊರಗೆ ಒಯ್ದರೆ ತೆರಿಗೆ ಶೇ. 8, ಅಲ್ಲೇ ಕೂತು ತಿಂದರೆ ಶೇ. 10. ಸುಶಿ ಅಂಗಡಿಯಲ್ಲಿ ಸೌತೆಕಾಯಿಯ ‘ಕಪ್ಪಾ ಮಾಕಿ’ ಇರುತ್ತದೆ. ಟೋಕಿಯೊ ಸ್ಟೇಷನ್ನಿನ ಗೇಟಿನೊಳಗೆ ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟದ ‘ಟೀಸ್ ತಾನ್‌ತಾನ್’ ಎಂಬ ರಾಮೆನ್, ಅಂದರೆ ಸಾರಿನ ಶಾವಿಗೆಯ, ಅಂಗಡಿಯಿದೆ. ಬಿಸಿಬಿಸಿಯಾಗಿ ಒಂದು ಬೋಗುಣಿ ತಿಂದರೆ ನಾದಿನಿಯವರ ಮಾತು ಮರೆತುಹೋಗುತ್ತದೆ.

ಜಪಾನಿನ ‘ಕರೇ’ ನೋಡಿ ನಮ್ಮದೇ ಎಂದು ನುಗ್ಗಬೇಡಿ. ಬ್ರಿಟಿಷರ ಮೂಲಕ ಹೋದ ಅಡುಗೆ ಅದು. ಅಂಗಡಿಯ ಗಟ್ಟಿ ಮಸಾಲೆ ಇಟ್ಟಿಗೆಗಳಲ್ಲಿ ಸಾಮಾನ್ಯವಾಗಿ ದನದ ಇಲ್ಲವೇ ಹಂದಿಯ ಕೊಬ್ಬಿರುತ್ತದೆ. ಭಾರತದಿಂದ ತಲೆಮರೆಸಿಕೊಂಡು ಹೋದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ತಮಗೆ ಆಶ್ರಯ ಕೊಟ್ಟ ಶಿಂಜುಕುವಿನ ನಕಾಮುರಾಯ ಅಂಗಡಿಯಲ್ಲಿ 1927ರಲ್ಲಿ ನಿಜವಾದ ಭಾರತೀಯ ಸಾರನ್ನು ಶುರುಮಾಡಿಸಿದರು, ಆ ಮನೆಯ ಅಳಿಯನೂ ಆದರು. ಅದೂ ಕೋಳಿಯದ್ದೇ.

ಸಿಹಿಯಲ್ಲಿ ನಿಮಗೆ ಹಬ್ಬ. ‘ಆಂಕೊ’ ಎಂದರೆ ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಕೆದಕಿ ಮಾಡಿದ ಹೂರಣ. ಹೂರಣ ಎನ್ನುವ ಪದ ಬಿಟ್ಟು ಬೇರೆ ಪದ ನನಗೆ ತೋಚುವುದೇ ಇಲ್ಲ. ಅಂಟಕ್ಕಿಯ ಮುದ್ದೆ ‘ಮೋಚಿ’ಯೊಳಗೆ ಅದನ್ನು ತುಂಬಿದರೆ ದೈಫುಕು, ನಮ್ಮ ಮೋದಕದ ದೂರದ ಬಂಧು. ಹುರಿದ ಸೋಯಾ ಹಿಟ್ಟು ‘ಕಿನಾಕೊ’ ಉದುರಿಸಿದ ಮೋಚಿಗೆ ಹುರಿಹಿಟ್ಟಿನ ಪರಿಮಳ. ‘ಯೋಕಾನ್’ ಎಂಬ ಹಲ್ವವನ್ನು ಗಟ್ಟಿಯಾಗಿಸುವುದು ಕಡಲಪಾಚಿಯಿಂದ ಬರುವ ಕಾಂತೆನ್, ಪ್ರಾಣಿಜನ್ಯ ಜೆಲಟಿನ್ ಅಲ್ಲ. ಆಂಕೊವನ್ನು ನಡುವಿಟ್ಟ ‘ದೊರಯಾಕಿ’ಯ ರೊಟ್ಟಿಯಲ್ಲಿ ಮಾತ್ರ ಮೊಟ್ಟೆಯಿದೆ.

ನಿಮ್ಮ ಯಜಮಾನರಿಗೆ ಬೇಕಾದ ಊಟ ಅಲ್ಲಿ ಶತಮಾನಗಳಿಂದ ಇದೆ, ಹೆಸರು ಶೋಜಿನ್ ರ್ಯೋರಿ. ಬೌದ್ಧ ಮಠಗಳ ಅಡುಗೆ. ಮಾಂಸವಿಲ್ಲ, ಮೀನಿಲ್ಲ, ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯವೂ ಇಲ್ಲ. ದಾಶಿ ಕೊಂಬು ಮತ್ತು ಅಣಬೆಯದು. 1237ರಲ್ಲಿ ಝೆನ್ ಗುರು ದೋಗೆನ್ ಮಠದ ಅಡುಗೆಯವರಿಗಾಗಿ ಬರೆದ ಸೂಚನೆಗಳಲ್ಲಿ ಅಕ್ಕಿ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಧ್ಯಾನದಷ್ಟೇ ಶ್ರದ್ಧೆಯಿಂದ ಹೇಳಿದ್ದಾನೆ. ಯೊಕೊಹಾಮಾದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಕಾಮಾಕುರಾದ ಕಡೆ ತಲುಪುತ್ತೀರಿ. ಅಲ್ಲಿನ ಕೆಂಚೋಜಿ ಮಠ 1253ರದ್ದು. ಗೆಡ್ಡೆ ತರಕಾರಿಗಳನ್ನೂ ತೋಫುವನ್ನೂ ಎಳ್ಳೆಣ್ಣೆಯಲ್ಲಿ ಬಾಡಿಸಿ ಮಾಡುವ ‘ಕೆಂಚಿನ್’ ಸಾರು ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಮಠದ ಹೊರಗಿನ ಹೋಟೆಲುಗಳು ಅದಕ್ಕೂ ಕತ್ಸುವೊ ಹಾಕುತ್ತವೆ, ಕೇಳಿಯೇ ಕೂರಿ. ಎರಡು ದಿನ ಬಿಡುವು ಮಾಡಿಕೊಂಡು ಒಸಾಕಾದ ದಕ್ಷಿಣಕ್ಕಿರುವ ಕೋಯಾ ಬೆಟ್ಟಕ್ಕೆ ಹೋಗಿ ಬರಲು ಸಾಧ್ಯವಾದರೆ ಹೋಗಲೇಬೇಕು. ಸುಮಾರು 50 ಮಠಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಸಂಜೆ ಬೆಳಕಿರುವಾಗಲೇ ಕೆಂಪು ಅರಗಿನ ಪುಟ್ಟ ಮಣೆಗಳಲ್ಲಿ ಊಟ ಬರುತ್ತದೆ. ಎಳ್ಳಿನ ಹಾಲಿಗೆ ಕುಜು ಗೆಡ್ಡೆಯ ಹಿಟ್ಟು ಹಾಕಿ ಕಾಯಿಸಿದ ‘ಗೋಮಾ ದೋಫು’ವನ್ನು ನಾಲಿಗೆಯ ಮೇಲಿಟ್ಟಾಗ ನನಗೆ ರಾಗಿ ಮಣ್ಣಿ ನೆನಪಾಯಿತು. ಏನನ್ನೂ ಕೇಳದೆ, ಚೀಟಿ ತೋರಿಸದೆ, ತಟ್ಟೆ ಪೂರ್ತಿ ಖಾಲಿ ಮಾಡಿದ ಮೊದಲ ಊಟ ನನಗೆ ಅದೇ.

ಇನ್ನು ನಡವಳಿಕೆ. ನೀವು ಹೆದರಿರುವಷ್ಟು ಕಷ್ಟವಿಲ್ಲ. ಹೊಸ್ತಿಲ ಒಳಗೆ ಚಪ್ಪಲಿ ತರದ ಮನೆಯಲ್ಲಿ ಬೆಳೆದವರಿಗೆ ಅರ್ಧ ಪಾಠ ಬಂದೇ ಇರುತ್ತದೆ. ಬಿಟ್ಟ ಚಪ್ಪಲಿಯ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಡುವುದು, ಶೌಚಾಲಯದ ಚಪ್ಪಲಿಯಲ್ಲೇ ಹೊರಗೆ ಬಂದುಬಿಡದಿರುವುದು, ಇಷ್ಟು ಸೇರಿಸಿಕೊಳ್ಳಿ. ಸ್ನಾನದ ತೊಟ್ಟಿ ಮೈ ತೊಳೆಯಲು ಅಲ್ಲ. ಹೊರಗೆ ಕೂತು ಪೂರ್ತಿ ಸ್ನಾನ ಮುಗಿಸಿ ಆಮೇಲೆ ಬಿಸಿನೀರಿನಲ್ಲಿ ಮುಳುಗುವುದು, ಅದೇ ನೀರಿಗೆ ಮನೆಯವರೆಲ್ಲ ಇಳಿಯುತ್ತಾರೆ. ಎಣ್ಣೆಸ್ನಾನದ ದಿನ ತೊಟ್ಟಿಯ ಹತ್ತಿರ ಹೋಗಲೇಬೇಡಿ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಬಿಡಬಾರದು, ಅದು ಸತ್ತವರ ಮುಂದಿಡುವ ಅನ್ನದ ರೀತಿ. ಚಾಪ್‌ಸ್ಟಿಕ್ಕಿನಿಂದ ಚಾಪ್‌ಸ್ಟಿಕ್ಕಿಗೆ ತುತ್ತು ದಾಟಿಸಲೂಬಾರದು, ದಹನದ ನಂತರ ಬಂಧುಗಳು ಅಸ್ಥಿ ಆಯುವುದು ಹಾಗೆ. ಮಿಸೊ ಸಾರನ್ನು ಬಟ್ಟಲೆತ್ತಿ ಕುಡಿಯಬಹುದು, ಸೊರ್ ಎಂದು ಶಾವಿಗೆ ಎಳೆಯಬಹುದು. ಅನ್ನಕ್ಕೆ ಸಾರು ಸುರಿದು ಕಲಸಿದರೆ ಮಾತ್ರ ‘ಬೆಕ್ಕಿನ ಊಟ’ ಎನ್ನುತ್ತಾರೆ. ಮನೆಯೊಳಗೆ ಧಾರಾಳವಾಗಿ ಕಲಸಿ, ಪರದೆ ಎಳೆದುಕೊಂಡರಾಯಿತು.

ಮಗಳಿಗೆ ನಿಜವಾಗಿ ಮುಜುಗರ ತರಬಲ್ಲವು ಎರಡೇ. ಒಂದು, ಬೆಳಿಗ್ಗೆ ಆರಕ್ಕೆ ಕೂಗುವ ಕುಕ್ಕರಿನ ಸೀಟಿ. ಅಪಾರ್ಟ್‌ಮೆಂಟುಗಳ ಗೋಡೆ ತೆಳು, ಮೇಲಿನವರು ಕುರ್ಚಿ ಎಳೆದರೂ ಕೇಳಿಸುತ್ತದೆ. ಎಂಟರ ಮೇಲೆ ಇಡಿ. ಇನ್ನೊಂದು, ಕಸ. ಸುಡುವ ಕಸ, ಪ್ಲಾಸ್ಟಿಕ್, ಬಾಟಲಿ, ಡಬ್ಬಿ, ಕಾಗದ ಎಂದು ಬೇರೆ ಬೇರೆ ಮಾಡಿ, ಆಯಾ ವಾರದ ಬೆಳಿಗ್ಗೆಯೇ ಹೊರಗಿಡಬೇಕು. ಹಿಂದಿನ ರಾತ್ರಿ ಇಡುವಂತಿಲ್ಲ, ಕಾಗೆ ಎಳೆಯದಂತೆ ಬಲೆ ಹೊದಿಸಬೇಕು. ನೀರಿನ ಬಾಟಲಿಯ ಮುಚ್ಚಳವನ್ನೂ ಸುತ್ತಿದ ಹಾಳೆಯನ್ನೂ ಬಾಟಲಿಯಿಂದ ಬೇರೆ ಮಾಡಬೇಕು. ತೊಕುಶಿಮಾದ ಕಾಮಿಕಾತ್ಸು ಎಂಬ ಪುಟ್ಟ ಊರಿನಲ್ಲಿ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ, ಅದಕ್ಕೆ ಹೋಲಿಸಿದರೆ ಯೊಕೊಹಾಮಾ ಸುಲಭ. ಬೀದಿಯಲ್ಲಿ ಕಸದ ಬುಟ್ಟಿ ಹುಡುಕಬೇಡಿ. 1995ರಲ್ಲಿ ಟೋಕಿಯೊ ಮೆಟ್ರೊದ ಮೇಲೆ ಸರಿನ್ ವಿಷಾನಿಲ ದಾಳಿಯಾದ ಮೇಲೆ ಬುಟ್ಟಿಗಳನ್ನು ತೆಗೆಯುತ್ತಾ ಬಂದರು. ಬಾಳೆಹಣ್ಣಿನ ಸಿಪ್ಪೆಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತನ್ನಿ.

ಸಂಜೆ ಎಂಟರ ಹೊತ್ತಿಗೆ ಒಮ್ಮೆ ಸೂಪರ್‌ಮಾರ್ಕೆಟ್ಟಿಗೆ ಹೋಗಿ ನಿಲ್ಲಿ. ಅಂಗಡಿಯ ಹುಡುಗ ಆ ದಿನ ಮುಗಿಯಬೇಕಾದ ಪೊಟ್ಟಣಗಳ ಮೇಲೆ ‘ಅರ್ಧ ಬೆಲೆ’ಯ ಚೀಟಿ ಅಂಟಿಸಲು ಬರುತ್ತಾನೆ. ಅಲ್ಲಿಯವರೆಗೆ ತೋಫುವನ್ನೇ ದಿಟ್ಟಿಸುತ್ತಿದ್ದವರು, ಮೊಬೈಲ್ ನೋಡುತ್ತಿದ್ದವರು ಮೆಲ್ಲಗೆ ಅವನ ಹಿಂದೆ ಸರಿಯುತ್ತಾರೆ. ಯಾರೂ ಓಡುವುದಿಲ್ಲ, ಯಾರೂ ನೂಕುವುದಿಲ್ಲ, ಅವನ ಕೈ ಪೊಟ್ಟಣ ಬಿಟ್ಟ ಮೇಲೆಯೇ ಇವರ ಕೈ ಮುಂದೆ ಹೋಗುತ್ತದೆ. ಜಪಾನಿನ ಬಗ್ಗೆ ಯಾರಾದರೂ ಕೇಳಿದರೆ ದೇವಾಲಯಗಳಿಗಿಂತ ಮೊದಲು ನನಗೆ ಈ ದೃಶ್ಯ ನೆನಪಾಗುತ್ತದೆ.

ನೀವು ಊರಿಗೆ ಹಿಂತಿರುಗುವ ತಿಂಗಳು, ಜೂನ್, ಅಲ್ಲಿನ ಮಳೆಗಾಲ. ಅದನ್ನು ಊಮೆ ಹಣ್ಣಿನ ಮಳೆ ಎಂಬರ್ಥದಲ್ಲಿ ಬರೆಯುತ್ತಾರೆ. ಅಂಗಡಿಗಳಲ್ಲಿ ಹಸಿರು, ಹಳದಿ ಊಮೆಕಾಯಿಗಳ ರಾಶಿ ಬೀಳುತ್ತದೆ, ಪಕ್ಕದಲ್ಲೇ ಕಲ್ಲುಪ್ಪಿನ ಚೀಲ, ಅಗಲ ಬಾಯಿಯ ಗಾಜಿನ ಜಾಡಿ. ಅಪ್ಪೆಮಿಡಿಯ ಸೀಮೆಯವರಾದ ನಿಮಗೆ ಮುಂದಿನದನ್ನು ಹೇಳಿಕೊಡಬೇಕಿಲ್ಲ. ಕಾಯನ್ನು ಹಸಿಯಾಗಿ ಕಚ್ಚಬೇಡಿ, ಹಸಿರು ಊಮೆಯಲ್ಲಿ ವಿಷಾಂಶವಿದೆ. ಹಳದಿಗೆ ತಿರುಗಿದ, ಪರಿಮಳ ಬಿಟ್ಟ ಕಾಯಿಗಳನ್ನು ಆರಿಸಿ, ತೊಟ್ಟಿನ ಗುರುತನ್ನು ಕಡ್ಡಿಯಿಂದ ತೆಗೆದು, ತೂಕದ ಶೇ. 18ರಷ್ಟು ಉಪ್ಪು ಹಾಕಿ ಮೇಲೆ ಭಾರ ಹೇರಿ. ಕೆಲವೇ ದಿನಗಳಲ್ಲಿ ನೀರು ಬಿಟ್ಟು ಕಾಯಿ ಮುಳುಗುತ್ತದೆ. ಮಳೆಗಾಲ ಮುಗಿದು ಜುಲೈ ಕೊನೆಯಲ್ಲಿ ಮೂರು ದಿನ ಬಿದಿರಿನ ತಟ್ಟೆಯಲ್ಲಿ ಬಿಸಿಲಿಗೆ ಹಾಕಬೇಕು. ಅಷ್ಟರಲ್ಲಿ ನೀವು ಶಿವಮೊಗ್ಗಕ್ಕೆ ಮರಳಿರುತ್ತೀರಿ, ಮಗಳಿಗೆ ಹೇಳಿ ಬನ್ನಿ.